ನೀಲಿ ದೀಪ ಉರಿಯುವ ಕೋಣೆ

ಕಳೆದ ಮಳೆಗಾಲದಲ್ಲಿ ನಮ್ಮ ನೆರೆಮನೆಯ ಬಾಲಕನೊಬ್ಬ ಶಾಲೆಯಿಂದ ಬರುವಾಗ ಬಿದ್ದು ಮೊಣಕಾಲಿಗೆ ಗಾಯ ಮಾಡಿಕೊಂಡನು. ಅಜ್ಜಿ ಅವನನ್ನು ಪೇಟೆಯ ಚಿಕಿತ್ಸಾಲಯವೊಂದಕ್ಕೆ ಕರೆದೊಯ್ದರು. ಗಾಯಕ್ಕೆ ಮದ್ದು ಕಟ್ಟುವ ಕೋಣೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆರೆದಿತ್ತು, ಗೋಡೆಯ ಮೇಲೆ ನಸುನೀಲಿ ದೀಪವೊಂದು ಉರಿಯುತ್ತಿತ್ತು. ಇಬ್ಬರೂ ಅರ್ಧ ಗಂಟೆ ಅಲ್ಲಿಯೇ ಕುಳಿತರು. ಎಚ್ಚರಿಕೆಯ ಫಲಕ ಇಲ್ಲದಿರಲಿಲ್ಲ; ಆದರೆ ಅದು ಮಲಯಾಳ ಮತ್ತು ಇಂಗ್ಲಿಷಿನಲ್ಲಿತ್ತು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದ ಅಜ್ಜಿಗೆ ಅದು ಬರಿಯ ಗೆರೆಗಳ ಚಿತ್ರ. ಅಂದು ರಾತ್ರಿ ಇಬ್ಬರ ಕಣ್ಣುಗಳೂ ಕೆಂಪಾಗಿ, ಮರಳು ಸುರಿದಂತೆ ಚುಚ್ಚತೊಡಗಿದವು. ಕಣ್ಣಿನ ಹೊರಪದರ ಕಿರಣದಿಂದ ಸುಟ್ಟಿದೆಯೆಂದು ನೇತ್ರವೈದ್ಯರು ಮರುದಿನ ತಿಳಿಸಿದರು. ಎರಡು ದಿನಗಳಲ್ಲಿ ಗುಣವಾದುದು ಪುಣ್ಯ.

ಬೆಸುಗೆಯ ಬೆಳಕನ್ನು ನೋಡಿದವರಿಗೂ ಇದೇ ನೋವು ಬರುತ್ತದೆ. ನೋವು ಕೂಡಲೇ ತೋರದೆ ಕೆಲವು ಗಂಟೆಗಳ ಬಳಿಕ ಬರುವುದರಿಂದ ಕಾರಣ ಹೊಳೆಯುವುದಿಲ್ಲ.

ಆ ದೀಪ ಸೂಸುವುದು ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ಅದರ ಅಲೆಯ ಉದ್ದ ಸುಮಾರು 254 ನ್ಯಾನೋಮೀಟರ್. ನಾವು ಕಾಣುವ ನೀಲಿ ಬಣ್ಣ ಅದರ ಜೊತೆಗೆ ಬರುವ ಸಾಮಾನ್ಯ ಬೆಳಕು ಮಾತ್ರ. ಸೂರ್ಯನಲ್ಲಿಯೂ ಈ ಕಿರಣವಿದೆ. ಆದರೆ ವಾಯುಮಂಡಲವು, ಮುಖ್ಯವಾಗಿ ಓಝೋನ್ ಪದರವು, ಅದನ್ನು ನೆಲಕ್ಕೆ ಬರಗೊಡುವುದಿಲ್ಲ. ಆಕಾಶವು ತಡೆದಿಟ್ಟದ್ದನ್ನು ನಾವೇ ಕೋಣೆಯೊಳಗೆ ಉರಿಸುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ಹಾಗೆಂದು ದೀಪ ನಿರುಪಯುಕ್ತವಲ್ಲ. ಬಿಸಿಲು ರೋಗಾಣುಗಳ ಬೆಳವಣಿಗೆಯನ್ನು ತಡೆಯುತ್ತದೆಂದು ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ 1877ರಲ್ಲಿ ತೋರಿಸಿದರು. ಅಮೆರಿಕದ ವಿಲಿಯಂ ವೆಲ್ಸ್ ಫಿಲಡೆಲ್ಫಿಯಾದ ಸುತ್ತಲಿನ ಶಾಲೆಗಳಲ್ಲಿ, ಮಕ್ಕಳ ಮೇಲೆ ಬೀಳದಂತೆ ಎತ್ತರದಲ್ಲಿ ದೀಪಗಳನ್ನಿಟ್ಟು ಮೇಲಿನ ಗಾಳಿಯನ್ನು ಮಾತ್ರ ಶುದ್ಧಗೊಳಿಸಿದರು. 1941ರಲ್ಲಿ ದಡಾರ ಹರಡಿದಾಗ ಆ ತರಗತಿಗಳಲ್ಲಿ ರೋಗ ಕಡಿಮೆಯಿತ್ತು. ಬೇರೆಡೆಯ ಪ್ರಯೋಗಗಳೆಲ್ಲ ಅಷ್ಟು ಫಲ ಕೊಡಲಿಲ್ಲವಾದರೂ, ಮನುಷ್ಯರ ಮೇಲೆ ಕಿರಣ ಬೀಳಬಾರದೆಂಬ ಅವರ ನಿಯಮ ಇಂದಿಗೂ ಮೂಲಸೂತ್ರವಾಗಿದೆ.

ಆದುದರಿಂದ ತೆರೆದ ದೀಪವನ್ನು ಖಾಲಿ ಕೋಣೆಯಲ್ಲಿ, ಬಾಗಿಲು ಮುಚ್ಚಿ ಉರಿಸಬೇಕು. ಗುಂಡಿ ಕೋಣೆಯ ಹೊರಗಿರಬೇಕು. ಬಾಗಿಲು ತೆರೆದೊಡನೆ ದೀಪ ತಾನೇ ಆರುವಂತಿದ್ದರೆ ಇನ್ನೂ ಉತ್ತಮ. ಕಿರಣವು ನೆರಳಿಗೆ ತಲುಪದು, ಧೂಳನ್ನು ದಾಟದು. ಮಂಚದ ಕೆಳಗೂ ರಕ್ತದ ಕಲೆಯ ಅಡಿಯಲ್ಲೂ ರೋಗಾಣು ಕ್ಷೇಮವಾಗಿಯೇ ಇರುತ್ತದೆ. ಮೊದಲು ಸಾಬೂನು ನೀರಿನಿಂದ ತೊಳೆದು ಒರೆಸಬೇಕು; ದೀಪ ಆಮೇಲಿನದು. ವರ್ಷಗಳು ಕಳೆದಂತೆ ನೀಲಿ ಬೆಳಕು ಉಳಿದರೂ ಕಿರಣದ ಶಕ್ತಿ ಕುಂದುತ್ತದೆ. ಹೀಗಾಗಿ ಉರಿದ ಗಂಟೆಗಳ ಲೆಕ್ಕವಿಟ್ಟು, ತಯಾರಕರು ಹೇಳಿದ ಅವಧಿಗೆ ಕೊಳವೆಯನ್ನು ಬದಲಿಸಬೇಕು. ಅದರೊಳಗೆ ಪಾದರಸವಿರುತ್ತದೆ, ಒಡೆದರೆ ಎಲ್ಲರನ್ನೂ ಹೊರಗೆ ಕಳುಹಿಸಿ ಕಿಟಕಿಗಳನ್ನು ತೆರೆಯಬೇಕು, ಪೊರಕೆಯಿಂದ ಗುಡಿಸಬಾರದು.

ಇನ್ನು ಓಝೋನ್ ಯಂತ್ರ. ಆಕಾಶದಲ್ಲಿ ನಮ್ಮನ್ನು ಕಾಯುವ ಅನಿಲ ಶ್ವಾಸಕೋಶದೊಳಗೆ ಹೊಕ್ಕರೆ ಹಗೆ. ಉದ್ಯೋಗಸ್ಥಳಗಳಿಗೆ ಅಮೆರಿಕ ವಿಧಿಸಿದ ಮಿತಿ, ಎಂಟು ಗಂಟೆಗಳ ಸರಾಸರಿಯಲ್ಲಿ, ಒಂದು ಕೋಟಿ ಭಾಗ ಗಾಳಿಗೆ ಒಂದೇ ಭಾಗ. ರೋಗಾಣುಗಳನ್ನು ಕೊಲ್ಲಲು ಅದರ ಹಲವು ಪಟ್ಟು ಬೇಕು. ಅಂದರೆ, ಜನರು ಕುಳಿತಿರುವಾಗ ನಡೆಸಬಹುದಾದಷ್ಟು ಓಝೋನ್ ಕೋಣೆಯನ್ನು ಶುದ್ಧಗೊಳಿಸದು. ಶುದ್ಧಗೊಳಿಸುವಷ್ಟು ಓಝೋನಿನಲ್ಲಿ ಜನರು ಇರಕೂಡದು. ಕೆಮ್ಮು, ಎದೆಬಿಗಿತ ಅದರ ಲಕ್ಷಣಗಳು. ಉಬ್ಬಸವಿರುವ ಮಕ್ಕಳಿಗೆ ಅಪಾಯ ಹೆಚ್ಚು. ವಾಸನೆ ಹೋಯಿತೆಂದು ನಂಬುವಂತಿಲ್ಲ, ಮೂಗು ಬೇಗನೆ ಒಗ್ಗಿಕೊಳ್ಳುತ್ತದೆ. ಯಂತ್ರ ನಿಂತ ಬಳಿಕ ಸಾಕಷ್ಟು ಹೊತ್ತು ಗಾಳಿಯಾಡಿಸಿ, ಮಾಪಕದಿಂದ ಅಳೆದು, ಆಮೇಲೆ ಒಳಗೆ ಬಿಡಬೇಕು. ರಬ್ಬರ್ ಬೆಳೆಯುವ ನಮ್ಮ ನಾಡಿನವರು ಇನ್ನೊಂದನ್ನೂ ತಿಳಿದಿರಲಿ: ಓಝೋನ್ ರಬ್ಬರನ್ನು ಸೀಳುತ್ತದೆ. ಕೈಚೀಲ, ಕೊಳವೆಗಳನ್ನು ಆ ಕೋಣೆಯಲ್ಲಿಡಬಾರದು.

ಕೊರೋನಾ ಕಾಲದಲ್ಲಿ ಕೈಯಲ್ಲಿ ಹಿಡಿಯುವ ಕಿರಣದ ಕೋಲುಗಳು ಮನೆಗಳಿಗೂ ಬಂದವು. ಅತಿನೇರಳೆ ದೀಪದಿಂದ ಕೈಯನ್ನಾಗಲಿ ಚರ್ಮವನ್ನಾಗಲಿ ಶುದ್ಧಗೊಳಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದೇ ಎಚ್ಚರಿಸಿತ್ತು. ಅಂಥದು ಮನೆಯಲ್ಲಿದ್ದರೆ ಮಕ್ಕಳ ಕೈಗೆ ಸಿಗದಂತಿರಲಿ.

ಹೆತ್ತವರು ಮಕ್ಕಳಿಗೆ ಕಲಿಸಬೇಕಾದುದು ಇಷ್ಟೆ: ಆಸ್ಪತ್ರೆಯ ಖಾಲಿ ಕೋಣೆಯಲ್ಲಿ ನೀಲಿ ದೀಪ ಉರಿಯುತ್ತಿದ್ದರೆ, ಅಥವಾ ಮೂಗಿಗೆ ಕಟುವಾದ ವಾಸನೆ ಬಂದರೆ, ಒಳಗೆ ಹೋಗದೆ ದಾದಿಯನ್ನು ಕರೆಯಬೇಕು. ಕೇಳಲು ಸಂಕೋಚ ಬೇಡ.

ಆ ಚಿಕಿತ್ಸಾಲಯಕ್ಕೆ ನಾನು ಅಜ್ಜಿಯೊಡನೆ ಹೋಗಿದ್ದೆ. ದೂರು ಕೇಳಿದ ವೈದ್ಯರು ವಾದಿಸಲಿಲ್ಲ. ವಾರದೊಳಗೆ ಗುಂಡಿಯನ್ನು ಹೊರಗೋಡೆಗೆ ಸರಿಸಿದರು. ಕನ್ನಡದ ಒಕ್ಕಣೆಯನ್ನು ಬರೆದುಕೊಡಲು ನಮ್ಮನ್ನೇ ಕೇಳಿದರು. ಬಾಲಕ ದುಂಡಕ್ಷರದಲ್ಲಿ ಬರೆದನು: “ದೀಪ ಉರಿಯುವಾಗ ಒಳಗೆ ಬರಬಾರದು.” ಅಜ್ಜಿ ಅದನ್ನು ಗಟ್ಟಿಯಾಗಿ ಓದಿ, ಸರಿಯಿದೆ ಎಂದರು. ನಿಮ್ಮ ಊರಿನ ಆಸ್ಪತ್ರೆಯ ಬಾಗಿಲಲ್ಲಿ ಏನು ಬರೆದಿದೆಯೆಂದು ಮುಂದಿನ ಸಲ ಹೋದಾಗ ಒಮ್ಮೆ ನೋಡಿ.