ಹೊಲದಿಂದ ಪತ್ರಿಕೆಯವರೆಗೆ

ದೀಪಾವಳಿ ರಜೆಗೆಂದು ಧಾರವಾಡದಿಂದ ಊರಿಗೆ ಬರುವ ಕೃಷಿ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಎದುರಾಗುವ ಪ್ರಶ್ನೆ ಬಹುಮಟ್ಟಿಗೆ ಒಂದೇ.

‘ಏನವಾ, ನಿನ್ನ ಪೇಪರ್ ಬಂತೇನು?’

‘ಕಳಿಸೇನಪ್ಪಾ, ಇನ್ನೂ ನೋಡಾಕತ್ತಾರ.’

‘ಕಳಿಸಿ ಐದು ತಿಂಗಳಾತಲ್ಲ? ಓಣ್ಯಾಗಿನ ಹುಡುಗಂದು ಆಗಲೇ ಎರಡು ಬಂದಾವಂತ.’

ರೊಕ್ಕ ಕೊಟ್ಟರೆ ವಾರದೊಳಗೆ ಬರುವ ಪೇಪರುಗಳೂ ಉಂಟು ಎಂಬ ಮಾತು ಮಗಳ ನಾಲಿಗೆಯ ತುದಿಗೆ ಬಂದು ಅಲ್ಲಿಯೇ ನಿಲ್ಲುತ್ತದೆ. ತಂದೆಯದೂ ತಪ್ಪಲ್ಲ. ಪರೀಕ್ಷೆ ಬರೆದ ಮೇಲೆ ಫಲಿತಾಂಶ ಬರಬೇಕು, ಬಿತ್ತಿದ ಮೇಲೆ ಬೆಳೆ ಬರಬೇಕು ಎಂಬುದು ಅವರಿಗೆ ಗೊತ್ತಿರುವ ಲೆಕ್ಕ. ಸಂಶೋಧನಾ ಲೇಖನ ಹೇಗೆ ಹುಟ್ಟುತ್ತದೆ, ಯಾರ ಕೈ ದಾಟಿ ಅಚ್ಚಾಗುತ್ತದೆ, ಅದಕ್ಕೆ ಇಷ್ಟು ದಿನ ಏಕೆ ಬೇಕು ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಅನೇಕ ಸಲ ಮಕ್ಕಳಿಗೂ ಪೂರ್ತಿ ಗೊತ್ತಿರುವುದಿಲ್ಲ.

ಶೇಂಗಾದ ಒಂದು ಉದಾಹರಣೆ

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳೆದ ಜಿಪಿಬಿಡಿ 4 ಎಂಬ ಶೇಂಗಾ ತಳಿಯ ಹೆಸರನ್ನು ಈ ಭಾಗದ ರೈತರು ಕೇಳಿದ್ದಾರೆ. ಶೇಂಗಾದ ಎಲೆಯನ್ನು ಹಾಳುಮಾಡುವ ರೋಗಗಳು ಮುಖ್ಯವಾಗಿ ಎರಡು: ತುಕ್ಕು ರೋಗ ಮತ್ತು ಎಲೆಚುಕ್ಕೆ ರೋಗ. ಇವೆರಡನ್ನೂ ತಡೆದುಕೊಳ್ಳುವ ತಳಿಗಾಗಿ ಎಂ.ವಿ.ಸಿ. ಗೌಡ ಮತ್ತು ಅವರ ಸಂಗಡಿಗರು ಕೆಆರ್‌ಜಿ 1 ಮತ್ತು ಸಿಎಸ್ 16 ಎಂಬ ಎರಡು ಶೇಂಗಾಗಳ ಸಂಕರದಿಂದ ಇದನ್ನು ಆಯ್ದು ತೆಗೆದರು. ಇವುಗಳಲ್ಲಿ ಎರಡನೆಯದು ಕಾಡು ಶೇಂಗಾ ಪ್ರಭೇದವೊಂದರ ರಕ್ತ ಹಂಚಿಕೊಂಡದ್ದು.

ಈ ತಳಿಯನ್ನು ಜಗತ್ತಿಗೆ ಪರಿಚಯಿಸಿದ ಬರಹ 2002ರಲ್ಲಿ ಅಚ್ಚಾಯಿತು. ಅದು ಬರೀ ನಾಲ್ಕು ಪುಟದ್ದು. ಅಚ್ಚಾದದ್ದು ಹೆಸರಾಂತ ವಿದೇಶಿ ಪತ್ರಿಕೆಯಲ್ಲಲ್ಲ. ಹೈದರಾಬಾದಿನ ಹತ್ತಿರದ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ ಹೊರತರುತ್ತಿದ್ದ ‘ಇಂಟರ್‌ನ್ಯಾಷನಲ್ ಅರಾಕಿಸ್ ನ್ಯೂಸ್‌ಲೆಟರ್’ ಎಂಬ ವಾರ್ತಾಪತ್ರದಲ್ಲಿ. ಆದರೆ ಅದನ್ನು ಓದುವವರೆಲ್ಲ ಶೇಂಗಾದ ಮೇಲೆಯೇ ಕೆಲಸ ಮಾಡುವವರು. ಮುಂದಿನ ವರ್ಷಗಳಲ್ಲಿ ಜಿಪಿಬಿಡಿ 4 ತಳಿಯನ್ನು ಟಿಎಜಿ 24 ತಳಿಯೊಡನೆ ಸಂಕರ ಮಾಡಿ, ರೋಗ ತಡೆಯುವ ಗುಣ ಯಾವ ವರ್ಣತಂತುವಿನ ಯಾವ ಭಾಗದಲ್ಲಿದೆ ಎಂದು ವಿಜ್ಞಾನಿಗಳು ಹುಡುಕಿದರು. ತುಕ್ಕು ರೋಗದ ವಿಷಯದಲ್ಲಿ ಗಿಡಗಿಡಗಳ ನಡುವಿನ ವ್ಯತ್ಯಾಸದ ಶೇಕಡ 80ಕ್ಕೂ ಹೆಚ್ಚಿನ ಪಾಲನ್ನು ಒಂದೇ ಭಾಗ ವಿವರಿಸಬಲ್ಲುದು ಎಂದು ಕಂಡುಬಂತು. ಆ ಭಾಗವನ್ನು ಐಸಿಜಿವಿ 91114, ಜೆಎಲ್ 24, ಟಿಎಜಿ 24 ಎಂಬ ಮೂರು ಜನಪ್ರಿಯ ತಳಿಗಳಿಗೆ ಸೇರಿಸಿದ ವರದಿ 2014ರಲ್ಲಿ ‘ಥಿಯರೆಟಿಕಲ್ ಆ್ಯಂಡ್ ಅಪ್ಲೈಡ್ ಜೆನೆಟಿಕ್ಸ್’ ಎಂಬ ಪ್ರತಿಷ್ಠಿತ ಪತ್ರಿಕೆಯಲ್ಲಿ ಬಂತು.

ನಾಲ್ಕು ಪುಟದ ಬರಹದಿಂದ ಅಲ್ಲಿಗೆ ಹನ್ನೆರಡು ವರ್ಷ. ಸಂಶೋಧನಾ ಲೇಖನದ ಬೆಲೆ ಇರುವುದು ಇಲ್ಲಿ. ಅದನ್ನು ನಂಬಿ ಇನ್ನೊಬ್ಬರು ಮುಂದಿನ ಹೆಜ್ಜೆ ಇಡಲು ಸಾಧ್ಯವೇ ಎಂಬುದೇ ಪ್ರಶ್ನೆ. ಬರೆಯುವಾಗಲೂ ಕಳಿಸುವಾಗಲೂ ವಿದ್ಯಾರ್ಥಿ ನೆನಪಿಡಬೇಕಾದದ್ದು ಇದೊಂದೇ.

ಬರೆಯುವ ಕ್ರಮ

ಪ್ರೌಢಪ್ರಬಂಧದ ಒಂದು ಅಧ್ಯಾಯವನ್ನು ಕತ್ತರಿಸಿ ಕಳಿಸಿದರೆ ಅದು ಲೇಖನವಾಗುವುದಿಲ್ಲ. ಪ್ರಬಂಧದಲ್ಲಿ ವಿದ್ಯಾರ್ಥಿ ತಾನು ಮಾಡಿದ್ದನ್ನೆಲ್ಲ ಹೇಳಬೇಕು. ಲೇಖನದಲ್ಲಿ ಒಂದು ಪ್ರಶ್ನೆ, ಅದಕ್ಕೆ ಸಿಕ್ಕ ಉತ್ತರ, ಆ ಉತ್ತರಕ್ಕೆ ಆಧಾರ, ಇಷ್ಟಿದ್ದರೆ ಸಾಕು.

ಓದುವವರು ಶೀರ್ಷಿಕೆಯಿಂದ ಆರಂಭಿಸುತ್ತಾರೆ. ಬರೆಯುವವರು ಕೋಷ್ಟಕಗಳಿಂದ ಆರಂಭಿಸುವುದು ಒಳ್ಳೆಯದು. ಯಾವ ಮೂರು ಅಥವಾ ನಾಲ್ಕು ಕೋಷ್ಟಕಗಳು ಉತ್ತರವನ್ನು ತೋರಿಸುತ್ತವೆ ಎಂದು ಮೊದಲು ಗೊತ್ತುಮಾಡಿಕೊಂಡರೆ ಉಳಿದದ್ದು ಸುಲಭ. ಆಮೇಲೆ ಪ್ರಯೋಗದ ವಿಧಾನ, ಫಲಿತಾಂಶ ಮತ್ತು ಚರ್ಚೆ, ಪೀಠಿಕೆ. ಸಾರಾಂಶವನ್ನೂ ಶೀರ್ಷಿಕೆಯನ್ನೂ ಕಡೆಗೆ ಬರೆಯಬೇಕು.

ಸಸ್ಯವಿಜ್ಞಾನದ ಲೇಖನಗಳು ಹೆಚ್ಚಾಗಿ ಎಡವುವುದು ವಿಧಾನದ ಭಾಗದಲ್ಲಿ. ‘ಧಾರವಾಡದಲ್ಲಿ ಮುಂಗಾರಿನಲ್ಲಿ ಪ್ರಯೋಗ ನಡೆಸಲಾಯಿತು’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಭೂಮಿ ಎರಿಯೋ ಮಸಾರಿಯೋ, ಆ ವರ್ಷ ಎಷ್ಟು ಮಳೆ ಬಿತ್ತು, ಬಿತ್ತಿದ ದಿನ ಯಾವುದು, ಸಾಲಿನಿಂದ ಸಾಲಿಗೆ 30 ಸೆಂಟಿಮೀಟರೋ 45ರೋ, ಪ್ಲಾಟಿನ ಅಳತೆ ಎಷ್ಟು, ಎಷ್ಟು ಪುನರಾವರ್ತನೆ, ಒಂದೇ ಹಂಗಾಮೋ ಎರಡೋ? ರೋಗದ ತೀವ್ರತೆಯನ್ನು 1ರಿಂದ 9ರವರೆಗಿನ ಮಾನಕದಲ್ಲಿ ಅಳೆದಿದ್ದರೆ ಬಿತ್ತಿದ ಎಷ್ಟನೆಯ ದಿನಕ್ಕೆ ಅಳೆದದ್ದು? ಇದೆಲ್ಲ ಇದ್ದರೆ ರಾಯಚೂರಿನಲ್ಲಾಗಲಿ ಆಫ್ರಿಕದಲ್ಲಾಗಲಿ ಇನ್ನೊಬ್ಬರು ಅದೇ ಪ್ರಯೋಗವನ್ನು ಮಾಡಿ ನೋಡಬಹುದು. ಹೊಲದಲ್ಲಿ ನಿಂತು ಬರೆದ ನೋಟ್‌ಬುಕ್ಕಿನ ಬೆಲೆ ತಿಳಿಯುವುದು ಈಗಲೇ. ಆ ದಿನ ಬರೆದುಕೊಳ್ಳದ ಸಂಗತಿಯನ್ನು ಎರಡು ವರ್ಷದ ಮೇಲೆ ನೆನಪಿನಿಂದ ತುಂಬಿಸಲು ಹೋಗಬಾರದು.

ಅಂಕಿಗಳ ವಿಷಯದಲ್ಲಿಯೂ ಪ್ರಾಮಾಣಿಕತೆ ಬೇಕು. ಒಂದು ತಳಿ ಹೆಕ್ಟೇರಿಗೆ 22 ಕ್ವಿಂಟಲ್, ಇನ್ನೊಂದು 23 ಕ್ವಿಂಟಲ್ ಕೊಟ್ಟಿತೆನ್ನಿ. ಸಂಖ್ಯಾಶಾಸ್ತ್ರದ ಲೆಕ್ಕದಂತೆ ಎರಡರ ನಡುವೆ ಕನಿಷ್ಠ ಎರಡು ಕ್ವಿಂಟಲ್ ಅಂತರವಿದ್ದರೆ ಮಾತ್ರ ಅದು ನಿಜವಾದ ವ್ಯತ್ಯಾಸ ಎಂದಾದರೆ, ಎರಡನೆಯದು ಮೇಲು ಎಂದು ಬರೆಯುವಂತಿಲ್ಲ. ‘ಎರಡೂ ಸಮ’ ಎಂಬುದೂ ಒಂದು ಫಲಿತಾಂಶವೇ.

ಗಿಡದ ಹೆಸರು ಇನ್ನೊಂದು ಎಡವುಗಲ್ಲು. ಶೇಂಗಾದ ಶಾಸ್ತ್ರೀಯ ನಾಮ ಅರಾಕಿಸ್ ಹೈಪೋಜಿಯ. ಅದರ ಮುಂದೆ ಬರುವ ‘ಎಲ್.’ ಎಂಬ ಅಕ್ಷರ ಆ ಹೆಸರು ಕೊಟ್ಟ ಲಿನಿಯಸ್‌ನ ಗುರುತು. ಕಾಡಿನಲ್ಲಿ ಗಿಡ ಹುಡುಕುವ ಸಸ್ಯಶಾಸ್ತ್ರದ ವಿದ್ಯಾರ್ಥಿಗಳಾದರೆ, ಸಂಗ್ರಹಿಸಿದ ಗಿಡವನ್ನು ಒಣಗಿಸಿ ಸಸ್ಯಾಗಾರದಲ್ಲಿಟ್ಟು ಅದರ ಸಂಖ್ಯೆಯನ್ನು ಲೇಖನದಲ್ಲಿ ನಮೂದಿಸಬೇಕು. ಹೊಸ ಪ್ರಭೇದವನ್ನು ಲ್ಯಾಟಿನ್ನಿನಲ್ಲಿಯೇ ವರ್ಣಿಸಬೇಕೆಂಬ ಹಳೆಯ ನಿಯಮ 2012ರ ಜನವರಿಯಿಂದ ಸಡಿಲವಾಗಿದೆ. ಈಗ ಇಂಗ್ಲಿಷಿನಲ್ಲಿ ಬರೆದರೂ ನಡೆಯುತ್ತದೆ. ಮಾದರಿಯನ್ನು ಕಾಪಿಡುವ ನಿಯಮ ಮಾತ್ರ ಸಡಿಲವಾಗಿಲ್ಲ.

ಇನ್ನೊಬ್ಬರ ವಾಕ್ಯಗಳನ್ನು ಎತ್ತಿಕೊಳ್ಳುವುದು ಹಿಂದೆ ಕಣ್ಣಿಗೆ ಬೀಳದೆ ಹೋಗುತ್ತಿತ್ತು. ಈಗ ಕಂಪ್ಯೂಟರ್ ನಿಮಿಷಗಳಲ್ಲಿ ಹಿಡಿಯುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮದಂತೆ ಶೇಕಡ 10ನ್ನು ಮೀರಿದ ಹೋಲಿಕೆ ದಂಡನೆಗೆ ದಾರಿ. ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಭಾಷೆ ತಿದ್ದಿಸಿಕೊಂಡರೆ ಅದನ್ನು ಪತ್ರಿಕೆಯ ನಿಯಮದಂತೆ ತಿಳಿಸಬೇಕು. ಪ್ರಮುಖ ಪತ್ರಿಕೆಗಳು ಯಂತ್ರವನ್ನು ಲೇಖಕನೆಂದು ಒಪ್ಪುವುದಿಲ್ಲ; ತಪ್ಪಾದರೆ ಅದು ಹೊಣೆ ಹೊರಲಾರದು.

ಎಲ್ಲಿಗೆ ಕಳಿಸಬೇಕು?

ಲೇಖನ ಸಿದ್ಧವಾದ ಮೇಲೆ ಪತ್ರಿಕೆ ಹುಡುಕುವುದಕ್ಕಿಂತ, ಬರೆಯತೊಡಗುವ ಮೊದಲೇ ಗೊತ್ತುಮಾಡಿಕೊಳ್ಳುವುದು ಮೇಲು. ಪ್ರತಿ ಪತ್ರಿಕೆಗೂ ತನ್ನದೇ ಪುಟಮಿತಿ, ಉಲ್ಲೇಖ ಬರೆಯುವ ಕ್ರಮ, ಕೋಷ್ಟಕದ ರೀತಿ ಇರುತ್ತವೆ. ಲೇಖಕರಿಗೆ ನೀಡಿದ ಸೂಚನೆಗಳನ್ನು ಓದದೆ ಕಳಿಸಿದ ಹಸ್ತಪ್ರತಿ ಪರೀಕ್ಷಕರ ಬಳಿಗೂ ಹೋಗದೆ ಹಿಂತಿರುಗುವುದುಂಟು.

ಬೇಕಾದದ್ದು ಸರಿಯಾದ ಓದುಗರು. 1866ರಲ್ಲಿ ಮೆಂಡೆಲ್ ಬಟಾಣಿಯ ಮೇಲಿನ ತನ್ನ ಲೇಖನವನ್ನು ಬ್ರನೊ ನಗರದ ಸ್ಥಳೀಯ ವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ. ಅದರ ಮಹತ್ವ ಜಗತ್ತಿಗೆ ಹೊಳೆದದ್ದು 1900ರಲ್ಲಿ. ಧಾರವಾಡದ ಶೇಂಗಾ ಬರಹವೂ ಸಣ್ಣ ಪತ್ರಿಕೆಯಲ್ಲಿಯೇ ಬಂತು. ಆದರೆ ಬೇಕಾದವರ ಮೇಜಿಗೆ ನೇರವಾಗಿ ತಲುಪಿತು.

ಉತ್ತರ ಕರ್ನಾಟಕದ ಮಣ್ಣು, ಮಳೆ, ಬೆಳೆಗೆ ಸಂಬಂಧಿಸಿದ ಕೆಲಸಕ್ಕೆ ಮನೆಯಂಗಳದಲ್ಲಿಯೇ ಪತ್ರಿಕೆಯಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ 1988ರಲ್ಲಿ ಆರಂಭಿಸಿದ ‘ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ 2016ರಿಂದ ‘ಜರ್ನಲ್ ಆಫ್ ಫಾರ್ಮ್ ಸೈನ್ಸಸ್’ ಎಂಬ ಹೆಸರು ಹೊತ್ತಿದೆ. ಕೃಷಿ ವಿಷಯದ ಪತ್ರಿಕೆಗಳಿಗೆ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಕೊಡುವ ಅಂಕಗಳ ಪಟ್ಟಿಯನ್ನೂ ಒಮ್ಮೆ ನೋಡಬೇಕು. ನೌಕರಿಯ ಸಂದರ್ಶನದಲ್ಲಿ ಅದು ಲೆಕ್ಕಕ್ಕೆ ಬರುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಸಂಶೋಧನ ವಿದ್ಯಾರ್ಥಿಯ ಇ-ಮೇಲಿಗೆ ವಾರವಾರವೂ ಆಹ್ವಾನಗಳು ಬರುತ್ತವೆ. ‘ಘನತೆವೆತ್ತ ಪ್ರೊಫೆಸರರೇ, ತಮ್ಮ ಅಮೂಲ್ಯ ಲೇಖನವನ್ನು ಕಳಿಸಿರಿ, ಏಳು ದಿನಗಳಲ್ಲಿ ಪ್ರಕಟಿಸುತ್ತೇವೆ.’ ಇನ್ನೂ ಪ್ರಬಂಧವನ್ನೇ ಒಪ್ಪಿಸದ ಹುಡುಗನನ್ನು ಪ್ರೊಫೆಸರ್ ಎಂದು ಕರೆಯುವ ಪತ್ರವನ್ನು ಅಲ್ಲಿಯೇ ಅನುಮಾನಿಸಬೇಕು.

2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ‘ಸೈನ್ಸ್’ ಪತ್ರಿಕೆಗಾಗಿ ಒಂದು ಪರೀಕ್ಷೆ ನಡೆಸಿದ. ಕಲ್ಲುಹೂವಿನಿಂದ ತೆಗೆದ ರಾಸಾಯನಿಕವೊಂದು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂಬ ಕಟ್ಟುಕತೆಯ ಲೇಖನವನ್ನು, ಓದಿದವರಿಗೆ ಥಟ್ಟನೆ ಕಾಣಬೇಕಾದ ತಪ್ಪುಗಳನ್ನು ಬೇಕೆಂದೇ ಸೇರಿಸಿ, 304 ಪತ್ರಿಕೆಗಳಿಗೆ ಕಳಿಸಿದ. 157 ಪತ್ರಿಕೆಗಳು ಒಪ್ಪಿಕೊಂಡವು. 98 ಮಾತ್ರ ತಿರಸ್ಕರಿಸಿದವು. ಲೇಖಕರನ್ನು ದಾರಿ ತಪ್ಪಿಸಿದ ಕಾರಣಕ್ಕೆ ಹೈದರಾಬಾದ್ ಮೂಲದ ಪ್ರಕಾಶನ ಸಂಸ್ಥೆಯೊಂದು 5 ಕೋಟಿ ಡಾಲರಿಗೂ ಹೆಚ್ಚು ಹಣ ತೆರಬೇಕೆಂದು 2019ರಲ್ಲಿ ಅಮೆರಿಕದ ನ್ಯಾಯಾಲಯ ಆದೇಶಿಸಿತು.

ಹಾಗೆಂದು ಹಣ ಕೇಳುವ ಪತ್ರಿಕೆಗಳೆಲ್ಲ ಮೋಸದವೂ ಅಲ್ಲ. ಓದುಗರಿಗೆ ಉಚಿತವಾಗಿ ಸಿಗುವ ಹಲವು ಒಳ್ಳೆಯ ಪತ್ರಿಕೆಗಳು ಲೇಖಕರಿಂದ ಶುಲ್ಕ ಪಡೆಯುತ್ತವೆ; ಕೆಲವುದರ ಶುಲ್ಕ ಲಕ್ಷ ರೂಪಾಯಿಯನ್ನೂ ದಾಟುತ್ತದೆ. ನೋಡಬೇಕಾದದ್ದು ಬೇರೆ. ಸಂಪಾದಕ ಮಂಡಲಿಯಲ್ಲಿರುವವರು ನಿಜವಾಗಿ ಆ ಕೆಲಸ ಮಾಡುತ್ತಿದ್ದಾರೆಯೆ? ಹಿಂದಿನ ಸಂಚಿಕೆಗಳ ಲೇಖನಗಳು ಓದುವಂತಿವೆಯೆ? ಶುಲ್ಕವನ್ನು ಮೊದಲೇ ಸ್ಪಷ್ಟವಾಗಿ ಹೇಳಿದ್ದಾರೆಯೆ? ತಮ್ಮ ವಿಭಾಗದ ಹಿರಿಯರು ಅದರಲ್ಲಿ ಬರೆಯುತ್ತಾರೆಯೆ? ಆಯೋಗ ಕೆಲವು ವರ್ಷ ‘ಕೇರ್’ ಎಂಬ ಹೆಸರಿನಲ್ಲಿ ನಂಬಲರ್ಹ ಪತ್ರಿಕೆಗಳ ಪಟ್ಟಿಯನ್ನು ನಡೆಸಿತ್ತು. 2025ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿದೆ. ಹೀಗಾಗಿ ಕಾಳು ಯಾವುದು ಜೊಳ್ಳು ಯಾವುದು ಎಂದು ತೂರಿ ನೋಡುವ ಹೊಣೆ ಈಗ ಸಂಸ್ಥೆಗಳ, ಮಾರ್ಗದರ್ಶಕರ ಮತ್ತು ವಿದ್ಯಾರ್ಥಿಗಳ ಮೇಲೆಯೇ ಬಿದ್ದಿದೆ.

ಪರೀಕ್ಷಕರ ಪತ್ರ ಬಂದಾಗ

ಒಳ್ಳೆಯ ಪತ್ರಿಕೆಗೆ ಕಳಿಸಿದ ಹಸ್ತಪ್ರತಿಯನ್ನು ಸಂಪಾದಕರು ಮೊದಲು ನೋಡುತ್ತಾರೆ. ಯೋಗ್ಯವೆನಿಸಿದರೆ ಅದೇ ವಿಷಯ ಬಲ್ಲ ಇಬ್ಬರು ಅಥವಾ ಮೂವರಿಗೆ ಕಳಿಸುತ್ತಾರೆ. ಅವರು ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಸಾಮಾನ್ಯವಾಗಿ ಸಂಭಾವನೆಯಿಲ್ಲದೆ ಓದುವವರು. ತಿಂಗಳುಗಳು ಹಿಡಿಯುವುದು ಇದರಿಂದಲೇ. ಒಂದು ಪತ್ರಿಕೆಯ ಉತ್ತರ ಬರುವವರೆಗೆ ಅದೇ ಲೇಖನವನ್ನು ಇನ್ನೊಂದಕ್ಕೆ ಕಳಿಸಬಾರದು. ಇದು ಎಲ್ಲೆಡೆ ಪಾಲಿಸುವ ನಿಯಮ.

ಉತ್ತರ ಬಂದಾಗ ಅದರಲ್ಲಿ ಹೊಗಳಿಕೆಗಿಂತ ತಪ್ಪುಗಳ ಪಟ್ಟಿಯೇ ಉದ್ದವಿರುತ್ತದೆ. ಮೊದಲ ಸಲ ಓದಿದ ವಿದ್ಯಾರ್ಥಿಗೆ ಕಣ್ಣೀರು ಬಂದರೆ ಆಶ್ಚರ್ಯವಿಲ್ಲ. ಒಂದೆರಡು ದಿನ ಬಿಟ್ಟು ಮತ್ತೆ ಓದಬೇಕು. ಆಮೇಲೆ ಪ್ರತಿಯೊಂದು ಆಕ್ಷೇಪವನ್ನೂ ಬರೆದುಕೊಂಡು, ಅದರ ಕೆಳಗೆ ಏನು ತಿದ್ದಿದೆ, ಯಾವ ಪುಟದಲ್ಲಿ ತಿದ್ದಿದೆ ಎಂದು ಸೌಜನ್ಯದಿಂದ ಉತ್ತರಿಸಬೇಕು. ಪರೀಕ್ಷಕರ ಮಾತು ತಪ್ಪೆನಿಸಿದರೆ ಹಾಗೆನ್ನುವ ಹಕ್ಕೂ ಇದೆ, ಆದರೆ ಆಧಾರ ಕೊಡಬೇಕು. ದೊಡ್ಡ ತಿದ್ದುಪಡಿ ಕೇಳಿದರೆಂದರೆ ಬಾಗಿಲು ಮುಚ್ಚಿಲ್ಲ ಎಂದೇ ಅರ್ಥ. ತಿರಸ್ಕರಿಸಿದರೂ ಆ ಸಲಹೆಗಳಂತೆ ತಿದ್ದಿ ಬೇರೆಡೆ ಕಳಿಸಬಹುದು.

ಮನೆಯವರಿಗೆ ಒಂದು ಮಾತು

2016ರ ನಿಯಮದಂತೆ ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ಕನಿಷ್ಠ ಒಂದು ಲೇಖನ ಪ್ರಕಟವಾಗಬೇಕಿತ್ತು. ಆಯೋಗ 2022ರಲ್ಲಿ ಆ ಕಡ್ಡಾಯವನ್ನು ಕೈಬಿಟ್ಟಿತು. ಸ್ವಂತ ನಿಯಮ ಇಟ್ಟುಕೊಂಡಿರುವ ವಿಶ್ವವಿದ್ಯಾಲಯಗಳೂ ಇರುವುದರಿಂದ ಪ್ರವೇಶದ ಸಮಯದಲ್ಲಿಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ನಿಯಮ ಯಾವುದೇ ಇರಲಿ, ಸಂಖ್ಯೆಯ ಆಸೆ ನಿಂತಿಲ್ಲ. ಆ ಆಸೆಗೆ ಮನೆಯ ಒತ್ತಾಯವೂ ಸೇರಿದರೆ ಶಿಷ್ಯವೇತನದಲ್ಲಿ ಉಳಿಸಿದ ಹಣ ಏಳು ದಿನದ ಪತ್ರಿಕೆಯ ಪಾಲಾಗುತ್ತದೆ. ಹಣ ಹೋದರೆ ಮತ್ತೆ ಗಳಿಸಬಹುದು. ಎರಡು ಮುಂಗಾರು ಬಿಸಿಲು ಮಳೆಯೆನ್ನದೆ ಸಾಲುಸಾಲು ಗಿಡ ಎಣಿಸಿದ ಶ್ರಮ ಮಾತ್ರ ಯಾರೂ ನಂಬದ ಕಡೆ ಅಚ್ಚಾಗಿ ವ್ಯರ್ಥವಾಗುತ್ತದೆ. ಒಮ್ಮೆ ಅಚ್ಚಾದದ್ದನ್ನು ಬೇರೊಂದು ಒಳ್ಳೆಯ ಪತ್ರಿಕೆ ಮತ್ತೆ ಸ್ವೀಕರಿಸುವುದಿಲ್ಲ.

ಬೀಜ ಕೊಳ್ಳುವಾಗ ಚೀಲದ ಬಣ್ಣ ನೋಡಿ ಮೋಸಹೋಗದ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮುಂದಿನ ರಜೆಯಲ್ಲಿ ಮಗಳು ಬಂದಾಗ ‘ಪೇಪರ್ ಬಂತೇನು?’ ಎನ್ನುವ ಬದಲು ‘ಪ್ಲಾಟಿನಾಗ ಏನ್ ಕಂಡಿ, ಹೇಳವಾ’ ಎಂದು ಕೇಳಿ ನೋಡಲಿ. ಆಕೆ ಅಪ್ಪನಿಗೆ ಅರ್ಥವಾಗುವಂತೆ ಹೇಳಬಲ್ಲಳಾದರೆ ಲೇಖನದ ಅರ್ಧ ಕೆಲಸ ಅಲ್ಲಿಯೇ ಮುಗಿದಂತೆ.