ಯಾತ್ರೆಯಲ್ಲಿ ಒಂದು ದಿನ ವಿಶ್ರಾಂತಿಗಿರಲಿ

ಮಸ್ಸೂರಿಯ ತಂಪೂ ಸಿಕ್ಕಿತು, ಕೇದಾರನಾಥನ ದರ್ಶನವೂ ಆಯ್ತು ಎನ್ನುವ ಪ್ಯಾಕೇಜ್ ಟೂರ್ ಯಾರಿಗೆ ಬೇಡ? ಆದರೆ ಜತೆಗೆ ವಯಸ್ಸಾದ ಅಮ್ಮನೋ ಅತ್ತೆಯೋ ಇದ್ದರೆ ಸ್ವಲ್ಪ ಯೋಚಿಸಿ. ಮಸ್ಸೂರಿ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಕೇದಾರ 3,583 ಮೀಟರ್. ಗೌರಿಕುಂಡದಿಂದ ಸುಮಾರು 16 ಕಿ.ಮೀ. ಏರುದಾರಿ. ಕುದುರೆ, ಡೋಲಿ ಹತ್ತಿದರೆ ಕಾಲುನೋವು ತಪ್ಪೀತು, ಆಮ್ಲಜನಕದ ಕೊರತೆ ತಪ್ಪದು. ಹೆಲಿಕಾಪ್ಟರ್‌ನಲ್ಲಂತೂ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ.

ತಲೆನೋವು, ವಾಂತಿ ಬಂದರೂ 'ಇಷ್ಟು ದೂರ ಬಂದಿದ್ದೀವಲ್ಲ' ಎಂದು ಹಿರಿಯರು ಸುಮ್ಮನಿರುತ್ತಾರೆ. ನಾವೇ ಕೇಳಬೇಕು. ಹೊರಡುವ ಮೊದಲು ಡಾಕ್ಟರಿಗೆ ತೋರಿಸಿ. ಮೇಲೇರುವ ಮುನ್ನ ಸೋನಪ್ರಯಾಗದಲ್ಲಿ ಒಂದು ದಿನ ಹೆಚ್ಚು ತಂಗಿ. ಮಸ್ಸೂರಿಯ ಶಾಪಿಂಗ್ ಒಂದು ದಿನ ಕಡಿಮೆಯಾದರೆ ನಷ್ಟವೇನಿಲ್ಲ. ಉಸಿರಾಡಲು ಕಷ್ಟವಾದರೆ ಕೂಡಲೇ ಕೆಳಗೆ ಕರೆತನ್ನಿ. ದೇವರು ಅಲ್ಲೇ ಇರ್ತಾನೆ, ಅಮ್ಮ ಕ್ಷೇಮವಾಗಿ ಮನೆಗೆ ಬರಬೇಕು.