ಕೆಸರು ಕಸವಲ್ಲ, ಹೊಣೆ

ತಲಕಾವೇರಿಯ ಬೆಟ್ಟಗಳಿಂದ ಇಳಿದುಬಂದ ನೀರನ್ನು ಬೆಂಗಳೂರು ಸುಮಾರು 100 ಕಿಲೋಮೀಟರ್ ದೂರದಿಂದ ಮೇಲೆತ್ತಿ ಕುಡಿಯುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತವು ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಎತ್ತಲೆಂದು ರೂಪುಗೊಂಡದ್ದು. ಈ ನೀರಿನ ಬಹುಪಾಲು ಕೊಳಚೆಯಾಗಿ ಹೊರಬೀಳುತ್ತದೆ. ನೀರು ತರುವಾಗ ಇದ್ದ ಚಾತುರ್ಯ ಕೊಳಚೆ ಬಿಡುವಾಗ ಎಲ್ಲಿ ಅಡಗುತ್ತದೆ? ನೊರೆ ಕಾರಿದ ಬೆಳ್ಳಂದೂರು ಕೆರೆ 2015, 2017 ಮತ್ತು 2018ರಲ್ಲಿ ಹೊತ್ತಿ ಉರಿದುದನ್ನು ನಾಡೇ ಕಂಡಿದೆ.

ಶುದ್ಧೀಕರಣ ದುಬಾರಿ, ಉಳಿಯುವ ಕೆಸರು ನಿಷ್ಪ್ರಯೋಜಕ ಎಂಬುದು ಅಭಿವೃದ್ಧಿಯ ವಕ್ತಾರರ ಹಳೆಯ ರಾಗ. ಗೋಬರ್ ಗ್ಯಾಸ್ ಗುಂಡಿಯನ್ನು ಬಲ್ಲ ನಮ್ಮ ರೈತರು ಇದನ್ನು ನಂಬಬೇಕಿಲ್ಲ. ಗಾಳಿಯಾಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಸಗಣಿಯನ್ನು ಮೊದಲು ಕರಗಿಸುತ್ತವೆ, ಬಳಿಕ ಹುಳಿಯಾಗಿಸುತ್ತವೆ, ಕಡೆಗೆ ಮೀಥೇನ್ ಅನಿಲವಾಗಿಸುತ್ತವೆ. ಕೊಳಚೆಯ ಕೆಸರನ್ನೂ ಹಾಗೆಯೇ ಹುದುಗಿಸಿ, ನಿಧಾನವಾಗಿ ಬೆಳೆಯುವ ಮೀಥೇನ್ ಜೀವಿಗಳು ಬಲಿಯುವ ಮೊದಲೇ, ಕೆಲವೇ ದಿನಗಳಲ್ಲಿ ಹೊರತೆಗೆದರೆ ಕೊಬ್ಬಿನಾಮ್ಲಗಳು ದೊರೆಯುತ್ತವೆ: ವಿನಿಗರ್‌ನಲ್ಲಿರುವ ಅಸಿಟಿಕ್, ಅದರ ಬಂಧು ಪ್ರೊಪಿಯಾನಿಕ್, ಹಳಸಿದ ಬೆಣ್ಣೆಯ ವಾಸನೆಯ ಬ್ಯುಟಿರಿಕ್.

ಇವುಗಳಿಂದೇನು ಲಾಭ? ಕೆನಡಾದ ಕೆಲೌನಾ ಪಟ್ಟಣ ಉತ್ತರ ಹೇಳುತ್ತದೆ. ಅಲ್ಲಿನ ಒಕನಾಗನ್ ಸರೋವರವನ್ನು ರಂಜಕದಿಂದ ಕಾಪಾಡಲು 1980ರ ದಶಕದಲ್ಲಿಯೇ ಕೆಸರನ್ನು ಹುದುಗಿಸಿ ಆಮ್ಲ ಪಡೆದು, ಅದನ್ನು ಶುದ್ಧೀಕರಣದ ತೊಟ್ಟಿಯ ಜೀವಿಗಳಿಗೆ ಆಹಾರವಾಗಿ ನೀಡಲಾಯಿತು. ಆಮ್ಲವನ್ನುಂಡ ಜೀವಿಗಳು ಮುಂದೆ ಗಾಳಿಯಾಡುವ ತೊಟ್ಟಿಯಲ್ಲಿ ನೀರಿನ ರಂಜಕವನ್ನು ತಮ್ಮ ಒಡಲಿಗೆ ಸೆಳೆದುಕೊಳ್ಳುತ್ತವೆ. ಕೆರೆಗಳಲ್ಲಿ ಪಾಚಿಯನ್ನೂ ಜಲಕಳೆಯನ್ನೂ ಕೊಬ್ಬಿಸುವುದು ಇದೇ ರಂಜಕ. ರಾಸಾಯನಿಕ ಲವಣ ಸುರಿದೂ ಅದನ್ನು ತೆಗೆಯಬಹುದು. ಆದರೆ ಲವಣಕ್ಕೆ ಹಣ ಬೇಕು, ಕೆಸರೂ ಹೆಚ್ಚುತ್ತದೆ. ಕೊಳ್ಳಬೇಕಾದ ಔಷಧಿಗೆ ಬದಲು ಮನೆಯಂಗಳದ ಕಷಾಯವೇ ಇರುವಾಗ, ದುಬಾರಿ ಎಂಬ ನೆಪ ಯಾರ ಹಿತಕ್ಕೆ?

ಆದರೆ ಹುದುಗುವಿಕೆ ಮಂತ್ರದಂಡವಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳನ್ನು ಯಾವ ಸೂಕ್ಷ್ಮಜೀವಿಯೂ ಇಲ್ಲವಾಗಿಸಲಾರದು. ಕಾರ್ಖಾನೆಯ ವಿಷವನ್ನು ಮನೆಯ ಕೊಳಚೆಯೊಡನೆ ಬೆರೆಸಿದರೆ ಸಂಪತ್ತಾಗಬೇಕಾದ ಕೆಸರು ಶಾಶ್ವತ ಶಾಪವಾಗುತ್ತದೆ. ಆಮ್ಲ ತೆಗೆದ ಮೇಲೂ ಕೆಸರು ಉಳಿಯುತ್ತದೆ. 'ಗೊಬ್ಬರ' ಎಂಬ ಹೆಸರಿನಲ್ಲಿ ಅದು ಹಳ್ಳಿಯ ಹೊಲ ಸೇರುವ ಮುನ್ನ ಪರೀಕ್ಷೆಯ ಫಲಿತಾಂಶ ಊರಿನವರ ಕೈಯಲ್ಲಿರಬೇಕು.

ಆದ್ದರಿಂದ ನಮ್ಮ ಹಕ್ಕೊತ್ತಾಯ ಸ್ಪಷ್ಟ. ಕಾರ್ಖಾನೆಯ ತ್ಯಾಜ್ಯ ಪ್ರತ್ಯೇಕವಾಗಲಿ. ನದಿಯಿಂದ ಹೊಸ ಪೈಪು ಎಳೆಯುವ ಪ್ರತಿ ಯೋಜನೆಯೂ ಕೊಳಚೆಗೇನು ಗತಿ, ಕೆಸರಿಗೇನು ಗತಿ ಎಂದು ಮೊದಲ ಪುಟದಲ್ಲೇ ಬರೆಯಲಿ. ವಿದ್ಯಾರ್ಥಿ ಮಿತ್ರರೇ, ಮುಂದಿನ ಸಾರ್ವಜನಿಕ ಅಹವಾಲು ಸಭೆಯಲ್ಲಿ ಈ ಪ್ರಶ್ನೆಯನ್ನೆತ್ತಿರಿ. ಬೆಟ್ಟ ನೀರು ಕೊಟ್ಟಿದೆ. ಲೆಕ್ಕ ಕೇಳುವ ಹಕ್ಕು ಬೆಟ್ಟಕ್ಕಿದೆ.